ಕೆಂಪು ದೂಳಿನಲ್ಲಿ ಕ್ರೂಸರ್

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಕ್ರೂಸರ್ ಬೈಕು ಕೊಂಡ ಹೊಸತರಲ್ಲಿ ಆ ದಾರಿಯಲ್ಲಿ ಹೋಗಿ ಬಂದವನು ಮನೆ ಮುಂದೆ ಸೊಂಟ ಹಿಡಿದುಕೊಂಡೇ ಇಳಿದೆ. ಗೆಳೆಯರೆಲ್ಲ ಸೀಟಿನ ಮೇಲೆ ತಪ್ಪು ಹಾಕಿದರು. ಒಬ್ಬ ಜೆಲ್ ಕುಶನ್ ಹಾಕಿಸು ಎಂದ, ಇನ್ನೊಬ್ಬ ಹ್ಯಾಂಡಲ್ಲನ್ನೇ ಬದಲಿಸು ಎಂದ. ದುಡ್ಡು ತೆಗೆಯುವ ಮೊದಲು ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಗಾಡಿ ಮುಟ್ಟಲೇ ಇಲ್ಲ. "ಹತ್ತಿ ಕೂಡ್ರಿ ಸಾರ್" ಎಂದು ಎರಡು ಹೆಜ್ಜೆ ಹಿಂದೆ ಸರಿದು, ದರ್ಜಿ ನೋಡುವ ಹಾಗೆ ನೋಡಿದ. "ಗಾಡಿ ಚೆನ್ನಾಗೈತೆ. ನಿಮ್ಮ ಅಳತೆಗೆ ಹೊಲಿದಿಲ್ಲ, ಅಷ್ಟೆ."

ಜೀನ್ಸ್ ಹೊಲಿಯುವ ಊರಿನಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಷೋರೂಮಿನಿಂದ ಬರುವ ಬೈಕು ಯಾರೋ ಸರಾಸರಿ ಮನುಷ್ಯನ ಅಳತೆಯದು. ಆ ಮನುಷ್ಯನನ್ನು ನಾನಂತೂ ಎಲ್ಲೂ ಕಂಡಿಲ್ಲ.

ಕ್ರೂಸರ್ ಎಂದರೆ ಅಮೆರಿಕದ ಉದ್ದುದ್ದ ರಸ್ತೆಗಳಿಗೆ ಹುಟ್ಟಿದ ಆಕಾರ. ಸೀಟು ತಗ್ಗು, ಹ್ಯಾಂಡಲ್ ಅಗಲ, ಕಾಲು ಮುಂದೆ. ಬಜಾಜ್ 2001ರಲ್ಲಿ ಕವಾಸಾಕಿ ಎಲಿಮಿನೇಟರ್ ತಂದಿತು. ಅದೇ ಮುಂದೆ ಅವೆಂಜರ್ ಆಯಿತು. ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ತಂದು, 2020ರಲ್ಲಿ ಅದರ ಜಾಗಕ್ಕೆ ಮೀಟಿಯರ್ 350 ನಿಲ್ಲಿಸಿತು. ಮೀಟಿಯರ್ ತೂಕ 191 ಕೆ.ಜಿ., ಸೀಟಿನ ಎತ್ತರ 765 ಮಿ.ಮೀ. ಅವೆಂಜರ್ 220 ಇನ್ನೂ ತಗ್ಗು, 737 ಮಿ.ಮೀ. ಕುಳ್ಳಗಿರುವವರಿಗೂ ಎರಡು ಕಾಲು ನೆಲಕ್ಕೆ ಸಿಗುತ್ತವೆ, ಅದು ದೊಡ್ಡ ಅನುಕೂಲ. ಆದರೆ ಕಾಲು ಮುಂದಿರುವುದರಿಂದ ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಸಾದಾ ಬೈಕಿನಲ್ಲಿ ಹಂಪು ಕಂಡರೆ ಕಾಲೂರಿ ಅರ್ಧ ಎದ್ದು ನಿಲ್ಲುತ್ತೇವೆ. ಇಲ್ಲಿ ಅದು ಸುಲಭವಲ್ಲ. ಊರಿಗೆರಡು ಹಂಪು ಇರುವ ನಮ್ಮ ರಸ್ತೆಯಲ್ಲಿ ಲೆಕ್ಕ ಹಾಕಿಕೊಳ್ಳಿ.

ಮೆಕ್ಯಾನಿಕ್ ಮಾಡಿದ್ದು ಮೂರು ಕೆಲಸ. ಹ್ಯಾಂಡಲ್ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಒಂದು ಬೆರಳಿನಷ್ಟು ನನ್ನ ಕಡೆ ತಿರುಗಿಸಿದ. ನಾನು ಮುಂದಕ್ಕೆ ಬಾಗಿ ಹಿಡಿಯುತ್ತಿದ್ದೆನಂತೆ, ಅದಕ್ಕೇ ಹೆಗಲು ಸೆಟೆಯುತ್ತಿತ್ತು. ಆಮೇಲೆ ಕ್ಲಚ್, ಬ್ರೇಕ್ ಲಿವರುಗಳನ್ನು ತುಸು ಕೆಳಗೆ ಇಳಿಸಿದ. ಕೂತು ಕೈ ಚಾಚಿದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಮಣಿಕಟ್ಟು ಮೇಲಕ್ಕೆ ಮುರಿಯಬಾರದು. ಲಿವರಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಲಿಲ್ಲ. ಬಿದ್ದರೆ ಲಿವರ್ ತಿರುಗಲಿ, ಮುರಿಯದಿರಲಿ ಎಂದು. ಇಷ್ಟಾದ ಮೇಲೆ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲ್ಲನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದ. ತಿರುಗಿಸುವಾಗ ಎಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ವೈರು ಜಗ್ಗುತ್ತಿದೆ ಎಂದರ್ಥ. ಮನೆಯಲ್ಲೇ ಹ್ಯಾಂಡಲ್ ತಿರುಗಿಸಿಕೊಳ್ಳುವವರು ಈ ಒಂದು ಪರೀಕ್ಷೆ ಬಿಟ್ಟರೆ, ಸರ್ಕಲ್‌ನಲ್ಲಿ ತಿರುಗುವಾಗ ಗಾಡಿ ತಾನೇ ನುಗ್ಗೀತು.

ಮೂರನೆಯದು ಹಿಂದಿನ ಶಾಕ್. ನನ್ನ ತೂಕಕ್ಕೆ ಅದು ಹಂಪಿನ ಮೇಲೆ ಪೂರ್ತಿ ಕುಸಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಶಾಕ್‌ನ ಬುಡದಲ್ಲಿರುವ ಮೆಟ್ಟಿಲಿನಂಥ ಬಳೆಯನ್ನು ಕೊಕ್ಕೆಪಾನಾದಿಂದ ಎರಡು ಮೆಟ್ಟಿಲು ಏರಿಸಿದ, ಎರಡೂ ಕಡೆ ಸಮವಾಗಿ. ಇದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಕೂತಾಗ ಕುಸಿಯುವುದು ಕಡಿಮೆಯಾಗಿ ಏಟು ನುಂಗಲು ಜಾಗ ಉಳಿಯುತ್ತದೆ. ತೆಳ್ಳಗಿರುವವರು ಇದನ್ನೇ ಇಳಿಸಿಕೊಳ್ಳಬೇಕಾಗಬಹುದು.

ಮೈಗೆ ಹೊಂದಿಸಿದ್ದಾಯಿತು. ಇನ್ನು ಊರಿಗೆ ಹೊಂದಿಸುವುದು.

ಬಳ್ಳಾರಿಯ ದೂಳು ಬರೀ ದೂಳಲ್ಲ. ಸಂಡೂರಿನ ಬೆಟ್ಟಗಳಿಂದ ಲಾರಿಯಲ್ಲಿ ಇಳಿಯುವ ಕಬ್ಬಿಣದ ಅದಿರಿನ ಪುಡಿ ಅದರಲ್ಲಿದೆ. ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಎಣ್ಣೆ ಸುರಿದ ಚೈನಿಗೆ ಅದು ಅಂಟಿತೆಂದರೆ ಚೈನು ತಾನೇ ತನ್ನನ್ನು ಸಾಣೆ ಹಿಡಿದುಕೊಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ಹೆಚ್ಚು ಎಣ್ಣೆ ಹಾಕುವುದು ಎಣ್ಣೆ ಹಾಕದಿರುವಷ್ಟೇ ಕೆಟ್ಟದ್ದು. ಮೆದು ಬ್ರಷ್ಷು, ಸ್ವಲ್ಪ ಸೀಮೆಎಣ್ಣೆಯಲ್ಲಿ ಉಜ್ಜಿ, ಬಟ್ಟೆಯಿಂದ ಒರೆಸಿ, ಚೈನಿನ ಒಳಮೈಗೆ ತೆಳ್ಳಗೆ ಲೂಬ್ ಹಾಕಿ ಒಂದಷ್ಟು ಹೊತ್ತು ಬಿಡಬೇಕು. ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಪೆಟ್ರೋಲ್ ಬೇಡ, ಚೈನಿನೊಳಗಿನ ರಬ್ಬರ್ ಬಳೆಗಳು ಹಾಳಾಗುತ್ತವೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರಿಗೆ ಹಾಕಿ ಚೈನು ಒರೆಸಲು ಹೋದವರು ಬೆರಳು ಕಳೆದುಕೊಂಡಿದ್ದಾರೆ.

ಚೈನಿನ ಸಡಿಲ ಎಷ್ಟಿರಬೇಕೆಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ನಾಲ್ಕು ಕಡೆ ತಿರುಗಿಸಿ ಅಳೆಯಿರಿ. ಸವೆದ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ. "ಟೈಟಾಗಿದ್ರೆ ಪಿಕಪ್ ಚೆನ್ನಾಗಿರ್ತದೆ" ಎಂಬ ಮಾತು ನಂಬಬೇಡಿ. ಇಬ್ಬರು ಕೂತು ಶಾಕ್ ಕುಸಿದಾಗ ಚೈನು ಇನ್ನೂ ಬಿಗಿಯಾಗಿ, ಆ ಎಳೆತ ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಹಿಂದೆ ಡ್ರಮ್ ಬ್ರೇಕ್ ಇರುವ ಗಾಡಿಯಾದರೆ, ಚಕ್ರ ಹಿಂದಕ್ಕೆ ಸರಿದ ಮೇಲೆ ಬ್ರೇಕಿನ ರಾಡನ್ನೂ ಮತ್ತೆ ಹೊಂದಿಸಬೇಕು. ಮರೆಯುವವರೇ ಹೆಚ್ಚು.

ಏರ್ ಫಿಲ್ಟರ್ ವಿಷಯದಲ್ಲಿ ಪುಸ್ತಕದ ಕಿಲೋಮೀಟರಿಗೆ ಕಾಯಬೇಡಿ. ಕಾಗದದ ಫಿಲ್ಟರ್ ಆದರೆ ಗಾಳಿ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಹೊಡೆಸಬೇಕು, ಹೊರಗಿನಿಂದ ಹೊಡೆದರೆ ದೂಳು ಇನ್ನೂ ಒಳಕ್ಕೆ ಹೋಗುತ್ತದೆ. ನೀರಿನಲ್ಲಂತೂ ತೊಳೆಯಬಾರದು.

ಸಿರುಗುಪ್ಪದ ಕಡೆ ಕಥೆಯೇ ಬೇರೆ. ಅಲ್ಲಿ ತುಂಗಭದ್ರೆಯ ನೀರು, ಭತ್ತ, ಕರಿಮಣ್ಣು. ನಾಟಿಯ ಕಾಲದಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ಟಾರಿನ ಮೇಲೆ ಕೆಸರು ಬಿಟ್ಟು ಹೋಗುತ್ತವೆ; ಕೊಯ್ಲಿನಲ್ಲಿ ಅರ್ಧ ರಸ್ತೆಗೆ ಭತ್ತ ಹರಡಿರುತ್ತದೆ. ಎರಡರ ಮೇಲೂ ಮುಂದಿನ ಬ್ರೇಕ್ ಒತ್ತಿದರೆ 191 ಕೆ.ಜಿ. ಗಾಡಿಯನ್ನು ಯಾರೂ ಹಿಡಿಯಲಾರರು. ಕ್ರೂಸರಿನ ಮಡ್‌ಗಾರ್ಡು ಚಕ್ರಕ್ಕೆ ಹತ್ತಿರ. ಕರಿಮಣ್ಣು ಅಲ್ಲಿ ಸಿಕ್ಕಿಕೊಂಡು ಒಣಗಿದರೆ ಇಟ್ಟಿಗೆ. ಅವತ್ತೇ ತೊಳೆಯಿರಿ, ಆದರೆ ಸರ್ವಿಸ್ ಅಂಗಡಿಯ ಪ್ರೆಷರ್ ಪೈಪನ್ನು ಚಕ್ರದ ಬೇರಿಂಗಿಗೂ ಚೈನಿಗೂ ಹಿಡಿಯಲು ಬಿಡಬೇಡಿ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಟೈರು ಒಡೆದೀತೆಂದು ಹೆದರಿ ಗಾಳಿ ಇಳಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಅದು ತಲೆಕೆಳಗಿನ ಲೆಕ್ಕ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಹೆಚ್ಚು ಕಾಯುತ್ತದೆ. ಕಂಪನಿ ಹೇಳುವ ಒತ್ತಡ ತಣ್ಣಗಿರುವ ಟೈರಿನದು. ಬೆಳಿಗ್ಗೆ ಹೊರಡುವ ಮುಂಚೆ ಹತ್ತಿರದ ಬಂಕಿನಲ್ಲಿ ನೋಡಿಸಿ, ಓಡಿ ಬಿಸಿಯಾದ ಮೇಲೆ ಹೆಚ್ಚು ತೋರಿಸಿದರೆ ಬಿಡಿಸಬೇಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗೀರು ಸವೆಯದಿದ್ದರೂ ನಮ್ಮ ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಹೇಳುವ ನಾನೇ ಕಳೆದ ಸಲ ಕುರುಗೋಡಿಗೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದೆ. ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಹೊರಡುವಾಗ ಕತ್ತಲಾಯಿತು. ಎದುರಿನಿಂದ ಬಂದ ಒಂದೊಂದು ಗಾಡಿಯೂ ನನಗೆ ಡಿಪ್-ಡಿಮ್ ಹೊಡೆಯಿತು. ನಾನು ಡಿಮ್‌ನಲ್ಲೇ ಇದ್ದೆ. ಅರ್ಧ ದಾರಿಯಲ್ಲಿ ಹೊಳೆಯಿತು: ಇಬ್ಬರ ಭಾರಕ್ಕೆ ಹಿಂಭಾಗ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತಿದೆ. ಒಂದು ಚಹಾದಂಗಡಿಯ ಗೋಡೆಗೆ ಎದುರಾಗಿ ನಿಲ್ಲಿಸಿ, ಅವಳನ್ನು ಕೂತೇ ಇರಲು ಹೇಳಿ, ದೀಪ ತಗ್ಗಿಸಲು ಬಗ್ಗಿದೆ. "ಮನೆಯಲ್ಲೇ ಮಾಡ್ಕೊಂಡು ಬರಬಾರದಿತ್ತಾ?" ಎಂದಳು. ಪಾನಾ ಚೀಲ ಮನೆಯಲ್ಲೇ ಉಳಿದಿತ್ತು. ಅಂಗಡಿಯವರು ಒಂದು ಸ್ಕ್ರೂಡ್ರೈವರ್ ಕೊಟ್ಟರು.