ಜಮೀನಿನ ಅಳತೆ, ಏಕಮಾನ ಮತ್ತು ಆಯಾಮ: ಅರ್ಜಿದಾರರಿಗೆ ವಿವರಣೆ

ಪೋಡಿ, ಹದ್ದುಬಸ್ತು, 11-ಇ ನಕ್ಷೆ, ಭೂಪರಿವರ್ತನೆ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಜಮೀನಿನ ವಿಸ್ತೀರ್ಣವನ್ನು ನಮೂದಿಸಬೇಕಾಗುತ್ತದೆ. ಅಳತೆಯಲ್ಲಿ ಎರಡು ಭಾಗಗಳಿವೆ: ಸಂಖ್ಯೆ ಮತ್ತು ಏಕಮಾನ. ಏಕಮಾನವಿಲ್ಲದ ಸಂಖ್ಯೆಯು ಅಳತೆಯಾಗುವುದಿಲ್ಲ. ಅರ್ಜಿದಾರರು ಸಹಿ ಮಾಡುವ ಮುನ್ನ ತಾವೇ ಲೆಕ್ಕವನ್ನು ಪರಿಶೀಲಿಸಿಕೊಳ್ಳಲು ಅನುಕೂಲವಾಗುವಂತೆ ಈ ವಿವರಣೆಯನ್ನು ನೀಡಲಾಗಿದೆ.

1. ಬಳಕೆಯಲ್ಲಿರುವ ಏಕಮಾನಗಳು

ಸಾಂಪ್ರದಾಯಿಕ ಭೂಮಾಪನದ ಸರಪಳಿಯ ಉದ್ದ 33 ಅಡಿ. ಈ ಸರಪಳಿಯನ್ನು 16 ಆಣೆಗಳಾಗಿ ವಿಭಾಗಿಸಲಾಗಿದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿರುವ ಚೌಕವೇ ಒಂದು ಗುಂಟೆ.

• 1 ಗುಂಟೆ = 1,089 ಚದರ ಅಡಿ = 101.17 ಚದರ ಮೀಟರ್
• 1 ಗುಂಟೆ = 16 ಆಣೆ
• 1 ಎಕರೆ = 40 ಗುಂಟೆ = 43,560 ಚದರ ಅಡಿ
• 1 ಎಕರೆ = 100 ಸೆಂಟ್ಸ್; 1 ಗುಂಟೆ = 2.5 ಸೆಂಟ್ಸ್
• 1 ಹೆಕ್ಟೇರ್ = 10,000 ಚದರ ಮೀಟರ್ = 2 ಎಕರೆ 18.84 ಗುಂಟೆ

2. ಎಕರೆ-ಗುಂಟೆಯ ನಡುವಿನ ಚುಕ್ಕೆ ದಶಮಾಂಶ ಬಿಂದುವಲ್ಲ

ಎರಡು ಎಕರೆ ಇಪ್ಪತ್ತು ಗುಂಟೆಯನ್ನು ರೂಢಿಯಲ್ಲಿ 2.20 ಎಂದು ಬರೆಯುವುದುಂಟು. ಇಲ್ಲಿ 20 ಎಂಬುದು ಗುಂಟೆಗಳ ಸಂಖ್ಯೆಯಾಗಿದ್ದು, ಈ ವಿಸ್ತೀರ್ಣವು ಎರಡೂವರೆ ಎಕರೆ, ಅಂದರೆ 100 ಗುಂಟೆ. ಇದೇ 2.20 ಅನ್ನು ದಶಮಾಂಶವೆಂದು ಓದಿದಲ್ಲಿ 2 ಎಕರೆ 8 ಗುಂಟೆ, ಅಂದರೆ 88 ಗುಂಟೆ ಮಾತ್ರ ಆಗುತ್ತದೆ. ವ್ಯತ್ಯಾಸ 12 ಗುಂಟೆ, ಅಂದರೆ 13,068 ಚದರ ಅಡಿ. ಇದು 30×40 ಅಡಿಯ ಹತ್ತು ನಿವೇಶನಗಳಿಗಿಂತಲೂ ಹೆಚ್ಚಿನ ಜಾಗ.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಎಕರೆ-ಸೆಂಟ್ಸ್ ಲೆಕ್ಕವು ರೂಢಿಯಲ್ಲಿದೆ. ಆ ಲೆಕ್ಕದಲ್ಲಿ 2.20 ಎಂದರೆ 2 ಎಕರೆ 20 ಸೆಂಟ್ಸ್. ಅಲ್ಲಿ ಚುಕ್ಕೆಯು ನಿಜವಾಗಿಯೂ ದಶಮಾಂಶ ಬಿಂದು. ಆದ್ದರಿಂದ ಒಂದೇ ಬರಹಕ್ಕೆ ಎರಡು ಅರ್ಥಗಳು ಬರಲು ಸಾಧ್ಯವಿದೆ.

ಕೂಡುವಾಗ ಹಾಗೂ ಕಳೆಯುವಾಗಲೂ ಇದೇ ಎಚ್ಚರ ಅಗತ್ಯ. ಉದಾಹರಣೆಗೆ, 3 ಎಕರೆ 10 ಗುಂಟೆಯಲ್ಲಿ 15 ಗುಂಟೆ ಖರಾಬು ಇದೆಯೆಂದು ಭಾವಿಸಿ. ಗಣಕಯಂತ್ರದಲ್ಲಿ 3.10 ರಿಂದ 0.15 ಕಳೆದರೆ 2.95 ಬರುತ್ತದೆ. ಒಂದು ಎಕರೆಗೆ 40 ಗುಂಟೆಯೇ ಇರುವುದರಿಂದ 95 ಗುಂಟೆ ಎಂಬ ಶೇಷ ಬರಲಾರದು. ಮೊದಲು ಎಲ್ಲವನ್ನೂ ಗುಂಟೆಗೆ ತರಬೇಕು: 130 − 15 = 115 ಗುಂಟೆ, ಅಂದರೆ 2 ಎಕರೆ 35 ಗುಂಟೆ.

3. ಆಯಾಮ ಪರಿಶೀಲನೆ

ಉದ್ದ ಮತ್ತು ವಿಸ್ತೀರ್ಣ ಬೇರೆ ಬೇರೆ ಆಯಾಮದ ಪರಿಮಾಣಗಳು. ಉದ್ದವನ್ನು ಉದ್ದದಿಂದ ಗುಣಿಸಿದರೆ ವಿಸ್ತೀರ್ಣ ದೊರೆಯುತ್ತದೆ. ವಿಸ್ತೀರ್ಣವನ್ನು ಉದ್ದದಿಂದ ಭಾಗಿಸಿದರೆ ಉದ್ದ ದೊರೆಯುತ್ತದೆ. ಸಂಖ್ಯೆಗಳಂತೆಯೇ ಏಕಮಾನಗಳನ್ನೂ ಗುಣಿಸಿ, ಭಾಗಿಸಿ ನೋಡುವ ಈ ಕ್ರಮಕ್ಕೆ ಭೌತಶಾಸ್ತ್ರದಲ್ಲಿ ಆಯಾಮ ವಿಶ್ಲೇಷಣೆ ಎಂದು ಹೆಸರು.

30×40 ಅಡಿ ನಿವೇಶನದ ವಿಸ್ತೀರ್ಣ 1,200 ಚದರ ಅಡಿ. ಒಂದು ಮೀಟರಿಗೆ ಸುಮಾರು 3.28 ಅಡಿ ಎಂಬ ಕಾರಣದಿಂದ 1,200 ಅನ್ನು 3.28 ರಿಂದ ಭಾಗಿಸಿ, 366 ಚದರ ಮೀಟರ್ ಎಂದು ಬರೆಯುವುದು ತಪ್ಪು. ಚದರ ಅಡಿ ಎಂದರೆ ಅಡಿ × ಅಡಿ. ಒಮ್ಮೆ ಮಾತ್ರ ಭಾಗಿಸಿದಾಗ ಒಂದು ಅಡಿ ಮೀಟರಾಗಿ ಬದಲಾಗಿ, ಇನ್ನೊಂದು ಅಡಿ ಹಾಗೆಯೇ ಉಳಿಯುತ್ತದೆ. ಎರಡು ಬಾರಿ, ಅಂದರೆ 10.764 ರಿಂದ ಭಾಗಿಸಿದಾಗ ಸರಿಯಾದ ಉತ್ತರವಾದ 111.48 ಚದರ ಮೀಟರ್ ದೊರೆಯುತ್ತದೆ.

ಆಣೆಯ ವಿಷಯದಲ್ಲಿಯೂ ಇದನ್ನು ಗಮನಿಸತಕ್ಕದ್ದು. ಸರಪಳಿಯ ಒಂದು ಆಣೆ ಉದ್ದದ ಅಳತೆ (2 ಅಡಿ ಮುಕ್ಕಾಲು ಅಂಗುಲ). ಗುಂಟೆಯ ಒಂದು ಆಣೆ ವಿಸ್ತೀರ್ಣದ ಅಳತೆ (ಸುಮಾರು 68 ಚದರ ಅಡಿ). ಹೆಸರು ಒಂದೇ ಆದರೂ ಆಯಾಮ ಬೇರೆ.

ಈ ಪರಿಶೀಲನೆಗೆ ಒಂದು ಮಿತಿಯೂ ಇದೆ. ಗುಂಟೆ, ಸೆಂಟ್ಸ್ ಎರಡೂ ವಿಸ್ತೀರ್ಣದ ಏಕಮಾನಗಳೇ ಆದುದರಿಂದ ಒಂದರ ಬದಲು ಇನ್ನೊಂದನ್ನು ಬರೆದರೆ ಆಯಾಮ ಪರಿಶೀಲನೆಯಿಂದ ಆ ತಪ್ಪು ತಿಳಿಯುವುದಿಲ್ಲ. ಏಕಮಾನದ ಹೆಸರನ್ನು ಸ್ಪಷ್ಟವಾಗಿ ಬರೆಯುವುದೊಂದೇ ಇದಕ್ಕೆ ಪರಿಹಾರ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) "2.20" ಎಂದಷ್ಟೇ ಬರೆಯದೆ "2 ಎಕರೆ 20 ಗುಂಟೆ" ಎಂದು ಬರೆಯುವುದು.
ಆ) ಪಹಣಿ, ಕ್ರಯಪತ್ರ ಮತ್ತು ನಕ್ಷೆಯಲ್ಲಿನ ವಿಸ್ತೀರ್ಣಗಳನ್ನು ಒಂದೇ ಏಕಮಾನಕ್ಕೆ ಪರಿವರ್ತಿಸಿ ಹೋಲಿಸುವುದು.
ಇ) ಹಿಸ್ಸೆಗಳ ಮೊತ್ತ ಹಾಗೂ ಖರಾಬು ಸೇರಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕೆ ಸಮನಾಗಿದೆಯೇ ಎಂದು ನೋಡುವುದು.
ಈ) ಚಕ್ಕುಬಂದಿಯ ಅಳತೆಗಳನ್ನು ಅಡಿ ಅಥವಾ ಮೀಟರಿನಲ್ಲಿ, ವಿಸ್ತೀರ್ಣವನ್ನು ಚದರ ಅಡಿ, ಚದರ ಮೀಟರ್ ಅಥವಾ ಎಕರೆ-ಗುಂಟೆಯಲ್ಲಿ ನಮೂದಿಸುವುದು.

ದಾಖಲೆಗಳ ನಡುವೆ ವ್ಯತ್ಯಾಸ ಕಂಡುಬಂದಲ್ಲಿ, ನೋಂದಣಿ ಅಥವಾ ವಿಭಜನೆಗೆ ಮುನ್ನವೇ ಅದನ್ನು ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳಿತು.