ಸಮೂಹದೊಳಗೊಂದು ಸಮೂಹ

ಬಸ್ಸಿಗಾಗಿ ಕಾದು ನಿಂತವರು ಎಷ್ಟೇ ಮಂದಿಯಿದ್ದರೂ ಸಮಾಜಶಾಸ್ತ್ರದ ಅರ್ಥದಲ್ಲಿ ಅವರು ಸಮೂಹವಾಗುವುದಿಲ್ಲ. ಪರಸ್ಪರ ಒಡನಾಟವಿದ್ದು, 'ನಾವು' ಎಂಬ ಭಾವನೆ ಬೆಳೆದು, ಇಂತಹುದು ಸಲ್ಲುತ್ತದೆ, ಇಂತಹುದು ಸಲ್ಲದು ಎಂಬ ಕಟ್ಟುಪಾಡು ಹುಟ್ಟಿಕೊಂಡ ಮೇಲಷ್ಟೇ ಅವರನ್ನು ಹಾಗೆ ಕರೆಯಲಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1909ರಲ್ಲಿ ಕುಟುಂಬ, ಮಕ್ಕಳ ಆಟದ ಗುಂಪು ಮತ್ತು ನೆರೆಹೊರೆಗಳನ್ನು ಪ್ರಾಥಮಿಕ ಸಮೂಹಗಳೆಂದು ಗುರುತಿಸಿದರು. ಮುಖಾಮುಖಿ ಒಡನಾಟದ ಈ ಸಮೂಹಗಳಲ್ಲಿಯೇ ಮನುಷ್ಯನ ಸ್ವಭಾವ ಮೊದಲು ರೂಪುಗೊಳ್ಳುತ್ತದೆಂಬುದು ಅವರ ವಾದವಾಗಿತ್ತು. ಬ್ಯಾಂಕು, ಕಾರ್ಮಿಕ ಸಂಘ, ಸರ್ಕಾರಿ ಇಲಾಖೆಗಳಂತೆ ನಿರ್ದಿಷ್ಟ ಉದ್ದೇಶಕ್ಕಾಗಿ ಏರ್ಪಟ್ಟು, ವ್ಯಕ್ತಿಗಿಂತ ಹುದ್ದೆಯೇ ಮುಖ್ಯವಾಗಿರುವ ಕೂಟಗಳನ್ನು ಮಾಧ್ಯಮಿಕ ಸಮೂಹಗಳೆಂದು ಕರೆಯುವುದು ಅನಂತರ ರೂಢಿಗೆ ಬಂದಿತು.

ಈ ವಿಂಗಡಣೆ ಅನುಕೂಲಕರವಾದರೂ ಅದನ್ನು ಅತಿಯಾಗಿ ನಂಬಬಾರದು, ಏಕೆಂದರೆ ಎರಡೂ ಬಗೆಯ ಸಮೂಹಗಳು ಒಂದೇ ಕೋಣೆಯಲ್ಲಿ, ಅದೇ ಜನರ ನಡುವೆ ಇರಬಲ್ಲವು. ಆಡಳಿತವು ನಿಯಮ, ಹುದ್ದೆ, ಮೇಲಧಿಕಾರಿಗಳ ಮೂಲಕ ಕಟ್ಟುವುದು ಔಪಚಾರಿಕ ಸಮೂಹವಾದರೆ, ಅದರೊಳಗೆ ಯಾರೂ ಆದೇಶಿಸದೆ ತಾನಾಗಿ ಬೆಳೆಯುವುದು ಅನೌಪಚಾರಿಕ ಸಮೂಹ. ಷಿಕಾಗೋ ಸಮೀಪದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ ನಡೆದ ವೀಕ್ಷಣೆಯು ಇದನ್ನು ಸ್ಪಷ್ಟವಾಗಿ ತೋರಿಸಿತು. ದೂರವಾಣಿ ವಿನಿಮಯ ಕೇಂದ್ರದ ಸಲಕರಣೆಗಳಿಗೆ ತಂತಿ ಜೋಡಿಸುವ 9 ಮಂದಿ, ಬೆಸುಗೆ ಹಾಕುವ 3 ಮಂದಿ ಮತ್ತು 2 ಮಂದಿ ತಪಾಸಕರನ್ನು ಒಂದು ಕೋಣೆಯಲ್ಲಿರಿಸಿ, ಸಂಶೋಧಕರು ಅವರ ನಡವಳಿಕೆಯನ್ನು ತಿಂಗಳುಗಟ್ಟಲೆ ಗಮನಿಸಿದರು. ಕೂಲಿಯು ಇಡೀ ಗುಂಪಿನ ಉತ್ಪಾದನೆಯನ್ನು ಅವಲಂಬಿಸಿದ್ದುದರಿಂದ ಚುರುಕಾದವರು ನಿಧಾನದವರನ್ನು ಮುಂದಕ್ಕೆ ತಳ್ಳುವರೆಂದು ಲೆಕ್ಕ ಹಾಕಲಾಗಿತ್ತು. ಆದದ್ದು ಇದಕ್ಕೆ ತದ್ವಿರುದ್ಧ. ದಿನಕ್ಕೆ ಇಷ್ಟೇ ಕೆಲಸವೆಂದು ಅವರು ತಮ್ಮತಮ್ಮಲ್ಲೇ ನಿಗದಿಪಡಿಸಿಕೊಂಡಿದ್ದರು. ಮಿತಿ ಮೀರಿ ದುಡಿಯುವವನನ್ನು ಹಂಗಿಸಿ, ತೋಳಿಗೊಂದು ಗುದ್ದು ಕೊಡುತ್ತಿದ್ದರು, ತೀರಾ ಕಡಿಮೆ ದುಡಿಯುವವನನ್ನೂ ಮೂದಲಿಸದೆ ಬಿಡುತ್ತಿರಲಿಲ್ಲ, ಮೇಲಧಿಕಾರಿಗೆ ಚಾಡಿ ಹೇಳುವುದಂತೂ ಎಲ್ಲಕ್ಕಿಂತ ಹೀನವೆನಿಸಿತ್ತು. ಕೆಲವರು ಒಂದು ದಿನದ ಹೆಚ್ಚುವರಿ ಕೆಲಸವನ್ನು ಲೆಕ್ಕಕ್ಕೆ ಕೊಡದೆ ಉಳಿಸಿಟ್ಟುಕೊಂಡು, ಕಡಿಮೆಯಾದ ದಿನಕ್ಕೆ ಸೇರಿಸುತ್ತಿದ್ದರು. ಇದು ಮೇಲ್ವಿಚಾರಕನಿಗೂ ತಿಳಿಯದ ಸಂಗತಿಯೇನಲ್ಲ. ಅಷ್ಟು ಸಣ್ಣ ಕೋಣೆಯಲ್ಲಿಯೂ ಮುಂಬದಿಯವರದೊಂದು, ಹಿಂಬದಿಯವರದೊಂದು ಎಂದು ಎರಡು ಒಳಗುಂಪುಗಳಾಗಿ, ಮುಂಬದಿಯವರು ತಾವೇ ಮೇಲೆಂದು ಭಾವಿಸಿದ್ದರು. ಸಮಾಜಶಾಸ್ತ್ರಜ್ಞ ವಿಲಿಯಂ ಗ್ರಹಾಂ ಸಮ್ನರ್ 1906ರಲ್ಲಿಯೇ ವಿವರಿಸಿದ್ದ, ನಮ್ಮವರು–ಹೊರಗಿನವರು ಎಂಬ ಭೇದಕ್ಕೆ ಇದಕ್ಕಿಂತ ಕಿರಿದಾದ ಉದಾಹರಣೆ ಸಿಗುವುದು ಕಷ್ಟ.

ಹಾಥಾರ್ನ್ ಅಧ್ಯಯನವನ್ನು ವಿಶ್ಲೇಷಿಸಿದ ಎಲ್ಟನ್ ಮೇಯೊ ಮತ್ತವರ ಸಂಗಡಿಗರು ಈ ನಡವಳಿಕೆಯಲ್ಲಿ ಲೆಕ್ಕಾಚಾರಕ್ಕಿಂತ ಭಾವನೆಯನ್ನೇ ಹೆಚ್ಚಾಗಿ ಕಂಡರು. ಆದರೆ ಹೆಚ್ಚು ದುಡಿದರೆ ಕೂಲಿಯ ದರ ಇಳಿದೀತು, ಇಲ್ಲವೇ ಯಾರಾದರೊಬ್ಬರ ಕೆಲಸ ಹೋದೀತು ಎಂದು ಕಾರ್ಮಿಕರು ಅಂಜುತ್ತಿದ್ದುದು ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಬುಡವಿಲ್ಲದ ಮಾತಾಗಿರಲಿಲ್ಲ. 1932ರಲ್ಲಿ ಆ ವೀಕ್ಷಣೆಯನ್ನೇ ನಿಲ್ಲಿಸಬೇಕಾಯಿತು, ಏಕೆಂದರೆ ಕೋಣೆಯಲ್ಲಿದ್ದವರಿಗೆ ಕೊಡಲು ಕಾರ್ಖಾನೆಯಲ್ಲಿ ಸಾಕಷ್ಟು ಕೆಲಸವೇ ಉಳಿದಿರಲಿಲ್ಲ.