ಸಮವಸ್ತ್ರದ ಮರೆಯಲ್ಲಿ ಉಳಿದ ಬಾಲ್ಯದ ತೊಂದರೆ

ವೈದ್ಯರು ಎಡಿಎಚ್‌ಡಿ ಎಂದು ಕರೆಯುವ, ಗಮನ ಒಂದೆಡೆ ನಿಲ್ಲದ, ಯೋಚನೆಗಿಂತ ಮೊದಲೇ ಮಾತು ಹೊರಬೀಳುವ ಸ್ಥಿತಿಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪರಿಷ್ಕರಿಸಿದ ಮಾನದಂಡದಂತೆ ಅದರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಆದರೂ ಶಾಲೆಯಲ್ಲಿ ಸೋಮಾರಿ ಎನ್ನಿಸಿಕೊಂಡ ಹುಡುಗ ಸೇನೆಯಲ್ಲಿ ಹದಿನೈದು ವರ್ಷ ಒಳ್ಳೆಯ ಸಿಪಾಯಿಯಾಗಿ ದುಡಿದು ಬರಬಹುದು, ಏಕೆಂದರೆ ಅಲ್ಲಿ ಏಳುವ, ಉಣ್ಣುವ, ಬೂಟಿಗೆ ಪಾಲಿಶ್ ಹಾಕುವ ಹೊತ್ತನ್ನೂ ಬೇರೆಯವರೇ ಗೊತ್ತುಮಾಡಿರುತ್ತಾರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಗೆ ನಲವತ್ತರ ಆಸುಪಾಸಿನಲ್ಲಿ ಮರಳುವ ಮಾಜಿ ಸೈನಿಕನಿಗೆ ಆ ಆಸರೆ ತಪ್ಪುತ್ತದೆ. ತೆಂಗಿನ ತೋಟಕ್ಕೆ ನೀರು ಬಿಡುವುದು, ಪೌತಿ ಖಾತೆಗೆ ಕಾಗದ ಹೊಂದಿಸುವುದು, ಪಿಂಚಣಿಯ ‘ಸ್ಪರ್ಶ್’ ವ್ಯವಸ್ಥೆಗೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸುವುದು ಎಲ್ಲವೂ ಅವನ ನೆನಪಿಗೇ ಬೀಳುತ್ತವೆ. ಅರ್ಧ ತುಂಬಿದ ಅರ್ಜಿ ಕಪ್ಪು ಟ್ರಂಕಿನ ತಳ ಸೇರುತ್ತದೆ, ಸೆಕ್ಯುರಿಟಿ ಕೆಲಸ ಕೈಬಿಡುತ್ತದೆ, ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಊರಿನವರು ಮಿಲಿಟ್ರಿ ಸಿಟ್ಟು ಎಂದೋ ಕುಡಿತದ ಫಲ ಎಂದೋ ಷರಾ ಬರೆದುಬಿಡುತ್ತಾರೆ.

ವೈದ್ಯರಿಗೂ ಇಲ್ಲಿ ದಾರಿ ಸಲೀಸಲ್ಲ. ಯುದ್ಧ, ಸ್ಫೋಟ, ಸಂಗಾತಿಯ ಸಾವಿನಂಥ ಘಟನೆಯ ಬಳಿಕ ಕಾಡುವ ಆಘಾತೋತ್ತರ ಒತ್ತಡದ ತೊಂದರೆಯಲ್ಲೂ, ಅಂದರೆ ಪಿಟಿಎಸ್‌ಡಿಯಲ್ಲೂ, ನಿದ್ದೆಗೇಡು, ಸಿಡುಕು, ಗಮನಭಂಗ ಇರುತ್ತವೆ. ಎರಡೂ ಒಬ್ಬನಲ್ಲೇ ಇರಬಹುದು. ಆದರೆ ಆಘಾತಕ್ಕೆ ಒಂದು ಆರಂಭದ ದಿನವಿರುತ್ತದೆ, ದುಃಸ್ವಪ್ನವಾಗಿ ಆ ಘಟನೆ ಮರುಕಳಿಸುತ್ತದೆ. ಎಡಿಎಚ್‌ಡಿಯ ಜಾಡು ಪ್ರಾಥಮಿಕ ಶಾಲೆಯ ಬೆಂಚಿನವರೆಗೂ ಹೋಗುತ್ತದೆ. ಈ ತಾಲ್ಲೂಕುಗಳಿಗೆ ಒಂದು ನಿಜವಾದ ಅನುಕೂಲವಿರುವುದು ಇಲ್ಲಿಯೇ: ಸ್ಲೇಟು, ಪುಸ್ತಕ, ಚಪ್ಪಲಿಗಳನ್ನು ಹುಡುಗ ದಿನವೂ ಎಲ್ಲೋ ಬಿಟ್ಟುಬರುತ್ತಿದ್ದುದನ್ನು ಕಂಡ ತಾಯಿ, ಅಕ್ಕ, ನಿವೃತ್ತ ಮೇಷ್ಟರು ಅನೇಕ ವೇಳೆ ಅದೇ ಊರಿನಲ್ಲಿರುತ್ತಾರೆ, ಅವರನ್ನು ಕೇಳುವವರು ಮಾತ್ರ ಬೇಕು.

ಕೇಳಲು ತಾಣಗಳಿಲ್ಲದಿಲ್ಲ. 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ ಹಾಸನದಲ್ಲಿದೆ, ‘ಮನೋಚೈತನ್ಯ’ ಕಾರ್ಯಕ್ರಮ ಮಂಗಳವಾರದಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತರುವ ಉದ್ದೇಶದ್ದು, 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಿದೆ. ಅದರ ಸಶಸ್ತ್ರ ಪಡೆಗಳ ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಆರಂಭವಾಯಿತು. ಚಿಕಿತ್ಸೆಯ ಮುಖ್ಯ ಔಷಧವಾದ ಮೀಥೈಲ್‌ಫೆನಿಡೇಟ್ ಮೇಲೆ ಕಟ್ಟುನಿಟ್ಟಿನ ಕಾನೂನು ನಿಯಂತ್ರಣವಿದೆ. ರಕ್ತದೊತ್ತಡವನ್ನೂ ಕುಡಿತದ ಚರಿತ್ರೆಯನ್ನೂ ನೋಡಿಯೇ ಅದನ್ನು ಕೊಡಬೇಕಾಗುತ್ತದೆ.

ಇಷ್ಟಿದ್ದೂ ಮಾಜಿ ಸೈನಿಕರು ಹಿಂಜರಿಯುವುದಕ್ಕೆ ಹಳೆಯದೊಂದು ಕಾರಣವುಂಟು. ಸೇವೆಯಲ್ಲಿದ್ದಾಗ ಮಾನಸಿಕ ಕಾಯಿಲೆಯೆಂದರೆ ‘ಲೋ ಮೆಡಿಕಲ್ ಕೆಟಗರಿ’, ಅಂದರೆ ಬಡ್ತಿಗೂ ನೇಮಕಕ್ಕೂ ಅಡ್ಡಬರುವ ಕೆಳದರ್ಜೆಯ ಆರೋಗ್ಯ ಶ್ರೇಣಿ, ಎಂಬ ಭಯ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಈಗ ಚಿಕಿತ್ಸೆ ಪಡೆದರೆ ಗಳಿಸಿದ ಸೇವಾ ಪಿಂಚಣಿಗೆ ಧಕ್ಕೆಯಿಲ್ಲವೆಂದು ಮಾಜಿ ಸೈನಿಕರ ಸಂಘಗಳ ಸಭೆಗಳಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗಿದೆ.